ಗಾಯ ಚಿಕ್ಕದು, ನಿರ್ಧಾರವಲ್ಲ

ಕಮಲಾಪುರದಲ್ಲಿ ಕೆಂಬಾಳೆ ಬೆಳೆಯುವ ನನ್ನ ಸೋದರಮಾವನವರು ಕಳೆದ ಚಳಿಗಾಲದಲ್ಲಿ ಮೊಣಕಾಲು ನೋವಿಗೆಂದು ಕಲಬುರಗಿಗೆ ಬಂದಿದ್ದರು. “ಎರಡೇ ತೂತಂತ, ಸಂಜಿಗಿ ಮನಿಯಂತ, ಮಾಡಿಸೇಬಿಡೂಣು” ಎಂದರು. ವೈದ್ಯರು ಬೇಡವೆಂದಾಗ ಅವರಿಗಾದ ನಿರಾಶೆಯೇ ಈ ಬರಹಕ್ಕೆ ಕಾರಣ.

1918ರಲ್ಲಿ ಟೋಕಿಯೋದ ಕೆಂಜಿ ಟಕಾಗಿ, ಮೂತ್ರಕೋಶವನ್ನು ನೋಡುವ ನಳಿಕೆಯಿಂದ ಶವವೊಂದರ ಮೊಣಕಾಲಿನೊಳಗನ್ನು ಕಂಡರು. 1962ರಲ್ಲಿ ಅವರ ಶಿಷ್ಯ ಮಸಾಕಿ ವಾಟನಬೆ ಅದೇ ಮಾರ್ಗವಾಗಿ ಹರಿದ ಮೃದ್ವಸ್ಥಿಯ ತುಣುಕನ್ನು ತೆಗೆದರು. ಈ ಆರ್ತ್ರೋಸ್ಕೋಪಿ ಆಟದಲ್ಲಿ ಹರಿದುದನ್ನು ಸರಿಪಡಿಸೀತು. ವಯಸ್ಸಿನಿಂದ ಸವೆದುದನ್ನು ಹೊಸದಾಗಿಸದು. ಅಮೆರಿಕದ ಹ್ಯೂಸ್ಟನ್ನಿನಲ್ಲಿ ನಡೆದು 2002ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಸವೆದ ಕೀಲಿಗೆ ನಿಜವಾದ ಚಿಕಿತ್ಸೆ ಪಡೆದವರಿಗೂ ಚರ್ಮವನ್ನಷ್ಟೇ ಕೊಯ್ಸಿಕೊಂಡವರಿಗೂ ನೋವಿನಲ್ಲಿ ಭೇದ ಕಾಣಲಿಲ್ಲ.

ಆದುದರಿಂದ ಸಿದ್ಧತೆಯೆಂದರೆ ಉಪವಾಸ, ರಕ್ತಪರೀಕ್ಷೆಗಳಷ್ಟೇ ಅಲ್ಲ. ಸೇವಿಸುವ ಔಷಧಗಳನ್ನೆಲ್ಲ ಮುಚ್ಚಿಡದೆ ಹೇಳಬೇಕು. ತೊಡೆಯ ಸ್ನಾಯುಗಳನ್ನು ಮೊದಲೇ ಬಲಪಡಿಸಬೇಕು. ಹೊರಗಿನ ಹೊಲಿಗೆ ಬೇಗ ಮಾಗಿದರೂ ಒಳಗೆ ಕೂಡಿಸಿದ ರಜ್ಜು ಗಟ್ಟಿಯಾಗಲು ತಿಂಗಳುಗಳೇ ಬೇಕೆಂದು ಅರಿತಿರಬೇಕು. ಎಲ್ಲಕ್ಕೂ ಮೊದಲು, “ಇದು ನನಗೆ ಬೇಕೇ?” ಎಂದು ಕೇಳಬೇಕು.

ಮಾವನವರು ಈಗ ದಿನವೂ ಕಾಲಿನ ವ್ಯಾಯಾಮ ಮಾಡಿ, ಕೋಲೂರಿಕೊಂಡು ಬಾಳೆಯ ಸಾಲುಗಳ ನಡುವೆ ನಡೆಯುತ್ತಾರೆ. ಬೇಡವೆಂದ ವೈದ್ಯರೂ ಚಿಕಿತ್ಸೆಯನ್ನೇ ಮಾಡಿದರೆಂದು ನಾನು ತಿಳಿದಿದ್ದೇನೆ.