ಏಡಿ ಸುಮ್ಮನೆ ಮನೆ ಬಿಡುವುದಿಲ್ಲ

ಮಳೆಗಾಲ ಹಿಡಿಯಿತೆಂದರೆ ಪತ್ರಿಕೆಗಳ ಮಳೆ ವರದಿಯಲ್ಲಿ ಹುಲಿಕಲ್, ಮಾಸ್ತಿಕಟ್ಟೆ, ಯಡೂರು, ಮಾಣಿ ಎಂಬ ಹೆಸರುಗಳು ತಪ್ಪದೆ ಬರುತ್ತವೆ. ಈ ಸೀಮೆಯಲ್ಲಿ ಏಡಿ ಎಂದರೆ ಗದ್ದೆಯಂಚಿನ ಬಿಲದ್ದು, ಹಳ್ಳದ ಕಲ್ಲಿನಡಿಯದ್ದು, ಹೆಚ್ಚೆಂದರೆ ಸಾರಿನದ್ದು. ಅದನ್ನು ಸಾಕುವ ಮಾತು ಇಲ್ಲಿ ಹುಟ್ಟುವುದಿಲ್ಲ. ಆದರೆ ಮಾಸ್ತಿಕಟ್ಟೆಯಿಂದ ಹುಲಿಕಲ್ ದಾಟಿ ಬಾಳೆಬರೆ ಘಾಟಿ ಇಳಿದರೆ ಹೊಸಂಗಡಿ, ಸಿದ್ದಾಪುರ, ಕುಂದಾಪುರ. ಇನ್ನಷ್ಟು ಮುಂದೆ ಹೋದರೆ ಮರವಂತೆ. ಹೊಸನಗರದವರಿಗೆ ಈ ದಾರಿ, ತೀರ್ಥಹಳ್ಳಿಯವರಿಗೆ ಆಗುಂಬೆ, ಸಾಗರದವರಿಗೆ ಹೊನ್ನಾವರದ ರಸ್ತೆ. ಹೀಗೆ ಕಡಲಿಗೆ ಇಳಿದು ಹತ್ತುವ ಪ್ರವಾಸದ ಬಸ್ಸುಗಳಲ್ಲಿ ಮಕ್ಕಳ ಜೇಬಿನೊಳಗೆ ಶಂಖ, ಚಿಪ್ಪು ಇದ್ದೇ ಇರುತ್ತವೆ. ಅವುಗಳಲ್ಲಿ ಒಂದೆರಡಕ್ಕೆ ಕಾಲು ಮೂಡುವುದೂ ಉಂಟು. ಸತ್ತ ಬಸವನಹುಳುವಿನ ಖಾಲಿ ಚಿಪ್ಪಿನೊಳಗೆ ಸೇರಿಕೊಂಡು ಬದುಕುವ ಆ ಜೀವಿಗೆ ಸನ್ಯಾಸಿ ಏಡಿ ಎಂದು ಹೆಸರು. ದೊಡ್ಡ ಊರುಗಳಲ್ಲಿ ಈಗ ಇದನ್ನು ಸಾಕುಪ್ರಾಣಿ ಎಂದು ದುಡ್ಡು ಕೊಟ್ಟು ತರುವವರೂ ಇದ್ದಾರೆ. ತಂದ ಕೆಲವೇ ದಿನಕ್ಕೆ ಹಲವರಿಗೆ ಎದುರಾಗುವ ಪ್ರಶ್ನೆ ಒಂದೇ: ಏಡಿ ಚಿಪ್ಪು ಬಿಟ್ಟು ಹೊರಗೆ ಬಂದಿದೆ, ಈಗೇನು ಮಾಡುವುದು? ಇದಕ್ಕೆ ಉತ್ತರವಿದೆ, ಅದನ್ನು ಮುಂದೆ ಹೇಳುತ್ತೇನೆ. ಆದರೆ ಚಿಪ್ಪು ಬಿಟ್ಟ ಏಡಿಯನ್ನು ಕಾಯಿಲೆ ಬಿದ್ದ ಏಡಿ ಎಂದಷ್ಟೇ ನೋಡಿದರೆ ವಿಷಯ ಅರ್ಧಕ್ಕೆ ನಿಲ್ಲುತ್ತದೆ. ನಾವು ಅದನ್ನು ಇಟ್ಟುಕೊಂಡ ರೀತಿಯ ಬಗ್ಗೆ ಅದು ಕೊಟ್ಟ ತೀರ್ಪು ಅದು. ಆ ತೀರ್ಪನ್ನು ಒಪ್ಪಿಕೊಂಡರೆ, ಸನ್ಯಾಸಿ ಏಡಿಯನ್ನು ಮನೆಗೆ ತರುವುದನ್ನೇ ಬಿಡಬೇಕಾಗುತ್ತದೆ ಎಂಬುದು ಈ ಲೇಖನದ ವಾದ.

ಉಳಿದ ಏಡಿಗಳಿಗೆ ಮೈಯೆಲ್ಲ ಗಟ್ಟಿ ಕವಚ. ಸನ್ಯಾಸಿ ಏಡಿಗೆ ಮುಂಭಾಗ ಮಾತ್ರ ಗಟ್ಟಿ. ಹೊಟ್ಟೆಯ ಭಾಗ ಮೆತ್ತಗೆ, ಶಂಖದ ಸುರುಳಿಗೆ ಹೊಂದುವಂತೆ ಒಂದು ಪಕ್ಕಕ್ಕೆ ತಿರುಚಿಕೊಂಡಿರುತ್ತದೆ. ಬಾಲದ ತುದಿಯ ಕೊಕ್ಕೆಯಂಥ ಅಂಗಗಳಿಂದ ಚಿಪ್ಪಿನ ಒಳಗಂಬವನ್ನು ಅದು ಎಷ್ಟು ಬಿಗಿಯಾಗಿ ಹಿಡಿಯುತ್ತದೆಂದರೆ, ಎಳೆದರೆ ಮೈ ಹರಿದೀತು, ಹಿಡಿತ ಬಿಡದು. ನೆಲದ ಮೇಲೆ ಬದುಕುವ ಜಾತಿಗಳಿಗೆ ಈ ಚಿಪ್ಪು ಮನೆಯೂ ಹೌದು, ನೀರಿನ ಕೊಡವೂ ಹೌದು. ಕಿವಿರುಗಳು ತೇವವಾಗಿದ್ದರೆ ಮಾತ್ರ ಅವಕ್ಕೆ ಉಸಿರು, ಆ ತೇವವನ್ನು ಕಾಯುವುದು ಚಿಪ್ಪಿನೊಳಗೆ ತುಂಬಿಕೊಂಡ ನೀರು. ಚಿಪ್ಪಿಲ್ಲದ ಸನ್ಯಾಸಿ ಏಡಿ ಒಣ ಗಾಳಿಯಲ್ಲಿ ಹೆಚ್ಚು ಹೊತ್ತು ಬಾಳದು. ಮೈ ಬೆಳೆದಂತೆ ಚಿಪ್ಪು ಬೆಳೆಯುವುದಿಲ್ಲವಾದ್ದರಿಂದ ಅದು ಆಗಾಗ ದೊಡ್ಡ ಚಿಪ್ಪಿಗೆ ಬದಲಾಗಲೇಬೇಕು. ದಡದಲ್ಲಿ ಒಂದು ಒಳ್ಳೆಯ ಖಾಲಿ ಚಿಪ್ಪು ಬಿದ್ದರೆ ಏಡಿಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ನಿಲ್ಲುತ್ತವೆ. ಮೊದಲನೆಯದು ಹೊಸ ಮನೆಗೆ ಹೋದ ಕೂಡಲೇ ಅದರ ಹಳೆಯ ಮನೆಗೆ ಎರಡನೆಯದು, ಅದರದಕ್ಕೆ ಮೂರನೆಯದು ಸೇರಿಕೊಳ್ಳುತ್ತವೆ. ಆ ಇಡೀ ವ್ಯವಹಾರದಲ್ಲಿ ಒಂದು ಏಡಿ ಬೆತ್ತಲಾಗಿರುವುದು ಕೆಲವು ಕ್ಷಣ ಮಾತ್ರ. ಇಷ್ಟು ಎಚ್ಚರದಿಂದ ಮನೆ ಬದಲಿಸುವ ಪ್ರಾಣಿ, ಇನ್ನೊಂದು ಚಿಪ್ಪಿನ ಭರವಸೆಯಿಲ್ಲದೆ ಇದ್ದುದನ್ನೂ ಬಿಟ್ಟು ಬಂತೆಂದರೆ ಒಳಗಿರುವುದು ಅದಕ್ಕೆ ಅಸಾಧ್ಯವಾಯಿತೆಂದೇ ಅರ್ಥ.

ಇದು ಊಹೆಯ ಮಾತಲ್ಲ. 2009ರಲ್ಲಿ ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದ ರಾಬರ್ಟ್ ಎಲ್ವುಡ್ ಮತ್ತು ಮಿರ್ಜಂ ಆಪೆಲ್ ಸಮುದ್ರದ ಸನ್ಯಾಸಿ ಏಡಿಗಳ ಚಿಪ್ಪಿನೊಳಗೆ ಸಣ್ಣ ವಿದ್ಯುತ್ ಆಘಾತ ಕೊಟ್ಟು ನೋಡಿದರು. ಚಿಪ್ಪು ಬಿಟ್ಟು ಹೊರಬಂದವು ಆಘಾತ ತಿಂದವು ಮಾತ್ರ. ಅವುಗಳಲ್ಲೂ ತಮಗೆ ಇಷ್ಟವಾದ ಜಾತಿಯ ಚಿಪ್ಪಿನಲ್ಲಿದ್ದವು ಹೊರಬರಲು ಹಿಂದೇಟು ಹಾಕಿದವು. ಅಷ್ಟೇನೂ ಹಿಡಿಸದ ಚಿಪ್ಪಿನಲ್ಲಿದ್ದವು ಹೆಚ್ಚು ಸಂಖ್ಯೆಯಲ್ಲಿ ಬಿಟ್ಟವು. ಬೆಂಕಿ ತಗುಲಿದ ಕೈ ತಾನಾಗಿ ಹಿಂದಕ್ಕೆ ಬರುವಂಥ ಕುರುಡು ಪ್ರತಿಕ್ರಿಯೆ ಇದಾಗಿದ್ದರೆ ಮನೆ ಒಳ್ಳೆಯದೋ ಕೆಟ್ಟದ್ದೋ ಎಂಬ ಲೆಕ್ಕ ನಡುವೆ ಬರುತ್ತಿರಲಿಲ್ಲ. ಏಡಿ ನೋವನ್ನೂ ಮನೆಯನ್ನೂ ತೂಗಿ ನೋಡಿತ್ತು. ಏಡಿ, ಸಿಗಡಿಗಳಂಥ ಪ್ರಾಣಿಗಳಿಗೆ ನೋವಿನ ಅರಿವಿದೆ ಎನ್ನುವ ಇಂಥ ಪುರಾವೆಗಳನ್ನು ಪರಿಶೀಲಿಸಿದ ಮೇಲೆಯೇ ಬ್ರಿಟನ್ 2022ರ ತನ್ನ ಪ್ರಾಣಿ ಕಲ್ಯಾಣ ಕಾಯ್ದೆಯಲ್ಲಿ ಅವನ್ನೂ ಸೇರಿಸಿತು. ಲಿಂಗನಮಕ್ಕಿ, ಮಾಣಿ, ಚಕ್ರಾ ಅಣೆಕಟ್ಟುಗಳ ನಡುವಿನ ನಮ್ಮ ಸೀಮೆಯಲ್ಲಿ ‘ಮುಳುಗಡೆ’ ಎಂಬ ಮಾತನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮನೆ ಬಿಟ್ಟು ಬಂದವರನ್ನು ಇಲ್ಲಿ ಯಾಕೆ ಬಿಟ್ಟಿರಿ ಎಂದು ಕೇಳುವುದಿಲ್ಲ, ಯಾವ ಡ್ಯಾಮಿಗೆ ಎಂದು ಕೇಳುತ್ತಾರೆ. ಮನುಷ್ಯರ ಸಂಕಟವನ್ನು ಏಡಿಯ ಪಾಡಿನ ಪಕ್ಕ ಇಟ್ಟು ತೂಗುವ ಉದ್ದೇಶ ನನಗಿಲ್ಲ. ಆದರೆ ಮನೆ ಬಿಡುವುದರ ಹಿಂದೆ ಕಾರಣ ಇದ್ದೇ ಇರುತ್ತದೆ, ಆ ಕಾರಣ ಹೆಚ್ಚಾಗಿ ಹೊರಗಿನಿಂದ ಬಂದಿರುತ್ತದೆ ಎಂಬ ತಿಳಿವಳಿಕೆ ಈ ನೆಲಕ್ಕೆ ಹೊಸದಲ್ಲ.

ಹಾಗಾದರೆ ಆ ಕಾರಣಗಳೇನು? ಒಣ ಗಾಳಿ, ಅತಿ ಬಿಸಿ ಅಥವಾ ಅತಿ ಚಳಿ, ಕ್ಲೋರಿನ್ ಬೆರೆತ ನಲ್ಲಿ ನೀರು, ಅಳತೆಗೆ ಹೊಂದದ ಚಿಪ್ಪು, ಬಣ್ಣ ಬಳಿದ ಚಿಪ್ಪಿನಿಂದ ಏಳುವ ಚಕ್ಕೆ, ಒಳಗೆ ಸಿಕ್ಕಿಕೊಂಡ ಮರಳಿನ ಹರಳು, ಜೊತೆಯ ಏಡಿಯ ದಾಳಿ, ಪೊರೆ ಬಿಡುವ ಕಾಲದ ನಿತ್ರಾಣ. ಪಟ್ಟಿ ಉದ್ದವಿದ್ದರೂ ಇವುಗಳಲ್ಲಿ ಬಹುಪಾಲು ಡಬ್ಬಿಯ ಬದುಕಿನವು. ಈಗಾಗಲೇ ನೆಲದ ಸನ್ಯಾಸಿ ಏಡಿಯನ್ನು ಸಾಕಿರುವವರು, ಅದು ಚಿಪ್ಪು ಬಿಟ್ಟಾಗ ಮಾಡಬೇಕಾದ ಕೆಲಸ ಕಷ್ಟದ್ದಲ್ಲ, ತಾಳ್ಮೆಯದು. ಕೈಯಿಂದ ಹಿಡಿದು ಚಿಪ್ಪಿನೊಳಗೆ ತುರುಕಬಾರದು. ಉಳಿದ ಏಡಿಗಳಿಂದ ಬೇರೆ ಮಾಡಿ, ತೇವದ ಗಾಳಿ ನಿಲ್ಲುವ ಸಣ್ಣ ಮುಚ್ಚಳದ ಪಾತ್ರೆಯಲ್ಲಿ, ಕತ್ತಲಲ್ಲಿ, ಸದ್ದಿಲ್ಲದ ಕಡೆ ಇಡಬೇಕು. ಕ್ಲೋರಿನ್ ಇಲ್ಲದ ನೀರಿಗೆ ಅಕ್ವೇರಿಯಂನ ಸಮುದ್ರದ ಉಪ್ಪು ಬೆರೆಸಿ ತಳವನ್ನು ಒದ್ದೆ ಮಾಡಬೇಕು. ಅಡುಗೆಯ ಅಯೋಡಿನ್ ಉಪ್ಪು ಸಲ್ಲದು. ಬಣ್ಣವಿಲ್ಲದ, ಕುದಿಸಿ ಆರಿಸಿದ ಮೂರು ನಾಲ್ಕು ಶಂಖಗಳನ್ನು ಅದೇ ನೀರಿನಲ್ಲಿ ಅದ್ದಿ ಹತ್ತಿರ ಇಡಬೇಕು. ಅವುಗಳ ಬಾಯಿ, ಏಡಿಯ ಇಕ್ಕಳದಂಥ ದೊಡ್ಡ ಕಾಲಿಗಿಂತ ತುಸು ಅಗಲವಿದ್ದರೆ ಸಾಕು. ಪಕ್ಕದಲ್ಲಿ ಬಿಟ್ಟ ಪೊರೆ ಬಿದ್ದಿದ್ದರೆ ಅದನ್ನು ಎಸೆಯಬಾರದು. ಹೊಸ ಕವಚ ಗಟ್ಟಿಯಾಗಲು ಬೇಕಾದ ಸುಣ್ಣದಂಶಕ್ಕಾಗಿ ಏಡಿ ಅದನ್ನೇ ತಿನ್ನುತ್ತದೆ. ಆಮೇಲೆ ಗಳಿಗೆಗೊಮ್ಮೆ ಮುಚ್ಚಳ ತೆಗೆದು ಇಣುಕದೆ ಬಿಡಬೇಕು. ಅದು ಮತ್ತೆ ಚಿಪ್ಪು ಸೇರಿದ ಮೇಲೆ, ಬಿಟ್ಟದ್ದು ಏಕೆಂದು ಹುಡುಕಿ ಆ ಕಾರಣವನ್ನು ಸರಿಪಡಿಸದಿದ್ದರೆ ಮಾಡಿದ್ದೆಲ್ಲ ವ್ಯರ್ಥ. ಕಡಲದಂಡೆಯ ಬಂಡೆ ಗುಂಡಿಗಳಲ್ಲಿ ಹೆಕ್ಕಿ ತಂದದ್ದಾದರೆ ಈ ಆರೈಕೆಯ ಕ್ರಮವೂ ಅನ್ವಯಿಸುವುದಿಲ್ಲ. ನಮ್ಮ ಕರಾವಳಿಯಲ್ಲಿ ಮಕ್ಕಳ ಕೈಗೆ ಸಿಗುವವು ಸಾಮಾನ್ಯವಾಗಿ ಸಮುದ್ರದ ನೀರಿನಲ್ಲೇ ಬದುಕುವ ಜಾತಿಗಳು. ಬಾಟಲಿಯ ಸಿಹಿನೀರಿನಲ್ಲಿ ಅವಕ್ಕೆ ಆಯುಸ್ಸಿಲ್ಲ.

ಚೆನ್ನಾಗಿ ನೋಡಿಕೊಂಡರೆ ಆಯಿತಲ್ಲ, ತರುವುದೇ ಬೇಡವೆಂದರೆ ಹೇಗೆ ಎಂದು ಇಲ್ಲಿ ಯಾರಾದರೂ ಕೇಳಬಹುದು. ಅದರಲ್ಲೂ ಮಲೆನಾಡಿನವರು, ತೇವಕ್ಕೆ ನಮ್ಮಲ್ಲೇನು ಬರವೇ ಎನ್ನಬಹುದು. ತೇವವಿದೆ, ಒಪ್ಪೋಣ. ಆದರೆ ಉಷ್ಣ ಕಡಲತೀರದ ಈ ಪ್ರಾಣಿಗೆ ಸುಮಾರು 25 ಡಿಗ್ರಿಯ ಬೆಚ್ಚಗೆ ವರ್ಷವಿಡೀ ಬೇಕು. ಧನುರ್ಮಾಸದ ನಮ್ಮ ರಾತ್ರಿಗಳು ಅದಕ್ಕೆ ಹೇಳಿದವಲ್ಲ. ಸಿಹಿನೀರು, ಉಪ್ಪುನೀರು ಎರಡೂ ಬೇಕು. ಪೊರೆ ಬಿಡಲು ಮೈ ಮುಳುಗುವಷ್ಟು ಆಳದ ಒದ್ದೆ ಮರಳಿನೊಳಗೆ ವಾರಗಟ್ಟಲೆ ಹೂತುಕೊಂಡು ಇರಬೇಕು. ಸತ್ತಿದೆಯೆಂದು ತಿಳಿದು ಆಗಲೇ ಅಗೆದು ಕೊಲ್ಲುವವರು ಕಡಿಮೆಯಿಲ್ಲ. ಇವನ್ನೆಲ್ಲ ಒದಗಿಸುವ ಶ್ರದ್ಧಾವಂತರಿದ್ದಾರೆ, ಅವರ ಬಳಿ ಈ ಏಡಿ ದಶಕಗಳ ಕಾಲ ಬದುಕಿದ್ದೂ ಇದೆ. ಆದರೆ ಶ್ರದ್ಧೆಯಿಂದ ಬಗೆಹರಿಯದ ಒಂದು ತೊಡಕು ಹಾಗೇ ಉಳಿಯುತ್ತದೆ. ಈ ಏಡಿಯ ಮರಿಗಳು ಮೊಟ್ಟೆಯೊಡೆಯುವುದು ಸಮುದ್ರದಲ್ಲಿ. ಕಣ್ಣಿಗೆ ಕಾಣುವುದೇ ಕಷ್ಟ ಎನ್ನುವಷ್ಟು ಸಣ್ಣ ರೂಪದಲ್ಲಿ ವಾರಗಟ್ಟಲೆ ಅಲ್ಲಿ ತೇಲಾಡಿ ಆಮೇಲೆ ದಡ ಸೇರುತ್ತವೆ. ಆ ಹಂತವನ್ನು ಮನೆಯಲ್ಲಾಗಲಿ ಫಾರಂನಲ್ಲಾಗಲಿ ದಾಟಿಸುವುದು ಎಷ್ಟು ಕಷ್ಟವೆಂದರೆ, ಜಗತ್ತಿನ ಮಾರುಕಟ್ಟೆಗೆ ಬರುವ ಸನ್ಯಾಸಿ ಏಡಿಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಸ್ವಾಭಾವಿಕ ತೀರಗಳಿಂದ ಹಿಡಿದು ತಂದವೇ. ಗಿಳಿಯಂತೆ, ಮೊಲದಂತೆ ಸಾಕಿ ಮರಿ ಮಾಡಿದ್ದಲ್ಲ. ಜಪಾನ್ 1970ರಲ್ಲೇ ನೆಲದ ಸನ್ಯಾಸಿ ಏಡಿಗಳನ್ನು ರಾಷ್ಟ್ರೀಯ ನೈಸರ್ಗಿಕ ಸ್ಮಾರಕವೆಂದು ಘೋಷಿಸಿತು. ಹಾಗಿದ್ದೂ 2025ರಲ್ಲಿ ಅಲ್ಲಿನ ಅಮಾಮಿ ದ್ವೀಪದಲ್ಲಿ ಸಾವಿರಾರು ಏಡಿಗಳನ್ನು ಸೂಟ್‌ಕೇಸುಗಳಲ್ಲಿ ತುಂಬಿ ಸಾಗಿಸಲು ಹೊರಟವರು ಸಿಕ್ಕಿಬಿದ್ದರು. ಕೊಳ್ಳುವವರು ಇರುವವರೆಗೆ ಹಿಡಿಯುವವರೂ ಇರುತ್ತಾರೆ.

ಏಡಿ ಸಾರು ಉಣ್ಣುವವರು ಏಡಿಯ ಸುಖದುಃಖ ಮಾತಾಡುವುದು ಆಷಾಢಭೂತಿತನವಲ್ಲವೇ ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಮುಂಗಾರಿನ ಮೊದಲ ಮಳೆಗೆ ಬ್ಯಾಟರಿ ಹಿಡಿದು ಹಳ್ಳಕ್ಕಿಳಿಯುವ ಮಲೆನಾಡಿನವರು ಈ ಪ್ರಶ್ನೆಗೆ ಮುಖ ತಿರುಗಿಸುವಂತಿಲ್ಲ. ಉತ್ತರ ನಮ್ಮ ಕಾನೂನಿನಲ್ಲೇ ಒಂದಿಷ್ಟು ಇದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಪ್ರಾಣಿ ಎಂದರೆ ಮನುಷ್ಯನನ್ನು ಬಿಟ್ಟು ಉಳಿದ ಯಾವುದೇ ಜೀವಿ. ಏಡಿ ಅದರಿಂದ ಹೊರಗಿಲ್ಲ. ಆಹಾರಕ್ಕಾಗಿ ಕೊಲ್ಲುವುದನ್ನು ಕಾಯ್ದೆ ಒಪ್ಪುತ್ತದೆ, ಆದರೆ ಅನಗತ್ಯ ನೋವನ್ನು ಒಪ್ಪುವುದಿಲ್ಲ. ಓಡಾಡಲು ಜಾಗವಿಲ್ಲದ ಗೂಡಿನಲ್ಲಿ ಕೂಡಿಡುವುದನ್ನು ಕ್ರೌರ್ಯವೆಂದೇ ಎಣಿಸುತ್ತದೆ. ಊಟಕ್ಕೆಂದು ಹಿಡಿದ ಏಡಿಯ ಸಾವಿಗೆ ಒಂದು ಉದ್ದೇಶವಿದೆ, ಅದು ಬೇಗ ಮುಗಿಯುತ್ತದೆ, ಮುಗಿಯಲೇಬೇಕು. ಪ್ರೀತಿಗೆಂದು ತಂದದ್ದು ಪ್ಲಾಸ್ಟಿಕ್ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಉಸಿರುಗಟ್ಟಿ ಸಾಯುವುದಕ್ಕೆ ಯಾವ ಉದ್ದೇಶವೂ ಇಲ್ಲ. ತಿನ್ನುವವರು ತಿನ್ನುವುದನ್ನು ಬಿಡಲಿ ಎಂಬುದು ಈ ಲೇಖನದ ಬೇಡಿಕೆಯಲ್ಲ. ಸಾಕುತ್ತೇವೆ ಎನ್ನುವವರು ಆ ಮಾತಿನ ಹೊರೆ ಅರಿಯಲಿ ಎಂಬುದಷ್ಟೇ. ಕಾನೂನಿನಲ್ಲೂ ಇಲ್ಲೊಂದು ಕಿಂಡಿ ಉಳಿದಿದೆ. 2018ರ ಸಾಕುಪ್ರಾಣಿ ಅಂಗಡಿ ನಿಯಮಗಳು ನಾಯಿ, ಬೆಕ್ಕು, ಮೊಲ, ಇಲಿಯ ಜಾತಿಗಳು, ಹಕ್ಕಿಗಳನ್ನು ಹೆಸರಿಸುತ್ತವೆ. ಸನ್ಯಾಸಿ ಏಡಿಯ ಮಾತು ಅಲ್ಲಿಲ್ಲ. ಹೀಗಾಗಿ ಇಷ್ಟು ಸೂಕ್ಷ್ಮ ಪ್ರಾಣಿಯ ಮಾರಾಟಕ್ಕೆ ಜಾಗ, ತೇವ, ನೀರಿನ ಕನಿಷ್ಠ ಅಳತೆಯೂ ಇಲ್ಲ. ಸರ್ಕಾರ ಈ ಕಿಂಡಿ ಮುಚ್ಚಬೇಕು.

ಮಕ್ಕಳ ಹೆಸರಿನಲ್ಲಿ ಬರುವ ಮತ್ತೊಂದು ಆಕ್ಷೇಪವಿದೆ: ಒಂದು ಜೀವ ಕೈಯಲ್ಲಿದ್ದರೆ ತಾನೆ ಮಕ್ಕಳಿಗೆ ಕರುಣೆಯೂ ವಿಜ್ಞಾನವೂ ಬರುವುದು? ಮಾತು ಸುಳ್ಳಲ್ಲ, ಆದರೆ ಆಯ್ಕೆ ತಪ್ಪು. ಸನ್ಯಾಸಿ ಏಡಿ ರಾತ್ರಿ ಓಡಾಡುವ, ಮುಟ್ಟಿದರೆ ಒಳಸೇರುವ, ಗುಂಪಿನಲ್ಲಿ ಬಾಳುವ ಪ್ರಾಣಿ. ಒಂಟಿ ಡಬ್ಬಿಯಲ್ಲಿ ಅದು ಮಗುವಿಗೆ ತೋರಿಸುವುದು ಮುಚ್ಚಿದ ಬಾಗಿಲನ್ನು ಮಾತ್ರ. ಏಡಿಯನ್ನು ಅರಿಯಬೇಕೆನ್ನುವ ಮಗುವಿಗೆ ಪಶ್ಚಿಮಘಟ್ಟದಂಥ ಶಾಲೆ ಬೇರೆಲ್ಲಿದೆ? ಯಲ್ಲಾಪುರ ತಾಲ್ಲೂಕಿನ ಬಾರೆಯಲ್ಲಿ ಕಂಡ ಬಿಳಿ, ನೇರಳೆ ಬಣ್ಣದ ಏಡಿಯೊಂದನ್ನು 2022ರಲ್ಲಿ ‘ಘಟಿಯಾನಾ ದ್ವಿವರ್ಣ’ ಎಂಬ ಹೊಸ ಜಾತಿಯೆಂದು ವಿಜ್ಞಾನ ಲೋಕ ಗುರುತಿಸಿತು. ಅದನ್ನು ಮೊದಲು ಗಮನಿಸಿದ್ದು ಅಲ್ಲಿನ ಅರಣ್ಯ ರಕ್ಷಕರೂ ಸ್ಥಳೀಯ ನಿಸರ್ಗಾಸಕ್ತರೂ. ಕಡಲ ಏಡಿಯ ಮರಿ ಅಲೆಯಲ್ಲಿ ತೇಲಿದರೆ, ನಮ್ಮ ಹಳ್ಳದ ತಾಯಿ ಏಡಿ ಮರಿಗಳನ್ನು ಹೊಟ್ಟೆಯಡಿಯ ಮಡಿಕೆಯಲ್ಲೇ ಹೊತ್ತು ತಿರುಗುತ್ತದೆ. ಇದನ್ನು ತೋಟದಂಚಿನಲ್ಲಿ ಕೂತು ನೋಡಬಹುದು, ನೋಡಿ ಬರಬಹುದು, ಯಾವ ಡಬ್ಬಿಯೂ ಬೇಕಿಲ್ಲ.

ಆನೆ, ಮಂಗಗಳ ಹಾವಳಿ, ಕೊಳೆರೋಗ, ಗುಡ್ಡ ಕುಸಿತಗಳ ನಡುವೆ ಇದೊಂದು ಸಣ್ಣ ವಿಷಯ ಎನ್ನುವವರಿಗೂ ಒಂದು ಮಾತು. ಏಡಿ ಸಣ್ಣದು, ಅದರ ಮನೆಯ ಕೊರತೆ ಸಣ್ಣದಲ್ಲ. ಹಿಂದೂ ಮಹಾಸಾಗರದ ಕೊಕೊಸ್ ದ್ವೀಪಗಳಲ್ಲೂ ಪೆಸಿಫಿಕ್‌ನ ಹೆಂಡರ್ಸನ್ ದ್ವೀಪದಲ್ಲೂ ನಡೆದ ಅಧ್ಯಯನವೊಂದು, ದಡಕ್ಕೆ ಬಂದು ಬಿದ್ದ ಪ್ಲಾಸ್ಟಿಕ್ ಬಾಟಲಿ, ಡಬ್ಬಿಗಳೊಳಗೆ ಸಿಕ್ಕಿ ಸುಮಾರು 5.7 ಲಕ್ಷ ಸನ್ಯಾಸಿ ಏಡಿಗಳು ಸತ್ತಿವೆಯೆಂದು ಅಂದಾಜಿಸಿತು. ಒಂದು ಏಡಿ ಸತ್ತ ವಾಸನೆ ಉಳಿದವಕ್ಕೆ ‘ಚಿಪ್ಪು ಖಾಲಿಯಾಗಿದೆ’ ಎಂಬ ಸುದ್ದಿ. ಅದನ್ನು ಹಿಡಿದು ಬಂದವು ಅದೇ ಬಾಟಲಿಗೆ ಬೀಳುತ್ತವೆ. 2024ರಲ್ಲಿ ಪೋಲೆಂಡ್‌ನ ಸಂಶೋಧಕರು ಜನ ಅಂತರ್ಜಾಲಕ್ಕೆ ಹಾಕಿದ ಚಿತ್ರಗಳನ್ನು ಜಾಲಾಡಿ, ಬಾಟಲಿ ಮುಚ್ಚಳವನ್ನೋ ಇನ್ನಾವುದೋ ಕಸವನ್ನೋ ಮನೆ ಮಾಡಿಕೊಂಡ 386 ಸನ್ಯಾಸಿ ಏಡಿಗಳನ್ನು ಗುರುತಿಸಿದರು. ಚಿಪ್ಪು ಬಿಡುವ ಸಂಕಟ ಡಬ್ಬಿಯಲ್ಲಷ್ಟೇ ಇಲ್ಲ, ದಡದಲ್ಲೂ ಇದೆ. ನಾವು ಶೋಕೇಸಿಗೆಂದು ಹೆಕ್ಕಿ ತರುವ ಒಂದೊಂದು ಒಳ್ಳೆಯ ಶಂಖವೂ ಅಲ್ಲಿನ ಸಾಲಿನಲ್ಲಿ ನಿಂತ ಏಡಿಗಳ ಪಾಲಿನದು.

ಈಗಾಗಲೇ ಏಡಿ ಸಾಕಿರುವವರು ಈ ಲೇಖನ ಓದಿ ಅದನ್ನು ಮರವಂತೆಗೆ ಒಯ್ದು ಬಿಡುವುದು ಬೇಡ. ಅಂಗಡಿಯ ನೆಲದ ಏಡಿ ಯಾವ ದ್ವೀಪದ್ದೋ ಯಾವ ರೋಗ ಹೊತ್ತದ್ದೋ ತಿಳಿಯದು. ಅದಕ್ಕೆ ಬೇಕಾದದ್ದನ್ನು ಒದಗಿಸಿ ಕೊನೆಯವರೆಗೆ ನೋಡಿಕೊಳ್ಳುವುದೇ ನ್ಯಾಯ, ಇನ್ನೊಂದನ್ನು ಕೊಳ್ಳದಿರುವುದು ಅದರ ಮುಂದುವರಿಕೆ. ಉಳಿದವರಿಗೆ ಕೆಲಸ ಇನ್ನೂ ಸುಲಭ. ಮಳೆ ನಿಂತ ಮೇಲೆ ಶಾಲಾ ಪ್ರವಾಸದ ಕಾಲ ಬರುತ್ತದೆ. ಮೇಷ್ಟ್ರೇ, ಟೀಚರೇ, ಸಂಜೆ ಬಸ್ಸು ಘಾಟಿಯ ಕಡೆ ತಿರುಗುವ ಮೊದಲು ದಂಡೆಯಲ್ಲೇ ಐದು ನಿಮಿಷ ನಿಂತು ಮಕ್ಕಳ ಜೇಬು ಖಾಲಿ ಮಾಡಿಸಿ. ಶಂಖವನ್ನು ಮರಳಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ಕಾಯಲು ಹೇಳಿ. ಒಳಗೆ ಯಾರಾದರೂ ಇದ್ದರೆ ನಿಧಾನಕ್ಕೆ ಕಾಲು ಹೊರಗೆ ಹಾಕಿ ನೀರಿನ ಕಡೆ ನಡೆಯುತ್ತಾರೆ. ಯಾರೂ ಇಲ್ಲದಿದ್ದರೂ ಶಂಖ ಅಲ್ಲೇ ಇರಲಿ.