ಬಯಲೆಲ್ಲ ಆಟದ ಮೈದಾನವಲ್ಲ

ಹಳ್ಳಿಗಳಲ್ಲಿ ಬಯಲು ಧಾರಾಳವಾಗಿರುವುದರಿಂದ ಉದ್ಯಾನ, ಆಟದ ಮೈದಾನಗಳು ನಗರದ ಬೇಡಿಕೆಯಷ್ಟೇ ಎಂದೂ ಅವುಗಳ ವಿನ್ಯಾಸವನ್ನು ಎಂಜಿನಿಯರುಗಳಿಗೆ ಬಿಡುವುದೇ ಲೇಸೆಂದೂ ವಾದಿಸುವ, ಈಚೆಗೆ ಪ್ರಕಟವಾದ ಅಭಿಪ್ರಾಯವು ಎರಡೂ ನೆಲೆಗಳಲ್ಲಿ ತಪ್ಪಾಗಿದೆ. ಪಂಚಪೀಠಗಳಲ್ಲಿ, ಅಂದರೆ ವೀರಶೈವ ಪರಂಪರೆಯ ಐದು ಗುರುಪೀಠಗಳಲ್ಲಿ ಒಂದಿರುವ ಕೊಟ್ಟೂರು ತಾಲ್ಲೂಕಿನ ಉಜ್ಜಿನಿಯಲ್ಲಿ, ಮರುಳಸಿದ್ಧೇಶ್ವರ ದೇವಾಲಯದ ಶಿಖರಕ್ಕೆ ಎಣ್ಣೆ ಎರೆಯುವ ತೈಲಾಭಿಷೇಕಕ್ಕೆ ಅಪಾರ ಜನ ಸೇರುತ್ತಾರೆ. ಇಂಥ ಕ್ಷೇತ್ರಗಳ ಬಯಲು ಜಾತ್ರೆಗೂ ವಾಹನಗಳಿಗೂ ಒಕ್ಕಣೆಗೂ ಹಂಚಿಹೋಗುವ ನೆಲವೇ ಹೊರತು ಮಕ್ಕಳಿಗೆಂದು ಕಾದಿರಿಸಿದ ಜಾಗವಲ್ಲ.

ಮಳೆ ಕಡಿಮೆಯಿರುವ ಈ ಸೀಮೆಯಲ್ಲಿ ನೀರು ಬೇಡುವ ಹುಲ್ಲುಹಾಸಿಗಿಂತ ಬೇವು, ಹೊಂಗೆಯ ನೆರಳು ಮುಖ್ಯವೆಂಬುದನ್ನೂ, ಕುಡಿಯುವ ನೀರು, ಸಂಜೆಯ ದೀಪಗಳಿಲ್ಲದೆ ಹೆಣ್ಣುಮಕ್ಕಳು ಮೈದಾನಕ್ಕೆ ಬರಲಾರರೆಂಬುದನ್ನೂ ಅಲ್ಲಿ ಬದುಕುವವರೇ ಮೊದಲು ಹೇಳಬಲ್ಲರು. ಎಂಜಿನಿಯರನ ನಕ್ಷೆ ಅಗತ್ಯ, ಆದರೆ ಅದು ಅನಂತರದ ಕೆಲಸ.

ನಿವಾಸಿಗಳ ಮಾತಿಗೆ ಕಾನೂನಿನ ಬಲವೂ ಇದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಾದ ನಿವೇಶನವನ್ನು ಆಸ್ಪತ್ರೆಗೆ ಕೊಟ್ಟಾಗ ನಿವಾಸಿಗಳೇ ನ್ಯಾಯಾಲಯಕ್ಕೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಹಕ್ಕನ್ನು ಎತ್ತಿಹಿಡಿದು ಆ ಹಂಚಿಕೆಯನ್ನು ಊರ್ಜಿತಗೊಳಿಸಲಿಲ್ಲ. ಹಳ್ಳಿಗಳಿಗಾದರೆ 1993ರ ಪಂಚಾಯತ್ ರಾಜ್ ಕಾಯ್ದೆಯಡಿ ಗ್ರಾಮಸಭೆಯೂ, ಅದಕ್ಕೆ ಮುನ್ನ ಒಂದು ವಾರ್ಡಿನ ಮತದಾರರೆಲ್ಲ ಸೇರಿ ಕಾಮಗಾರಿಗಳನ್ನು ಸೂಚಿಸುವ ವಾರ್ಡ್ ಸಭೆಯೂ ಇವೆ. ಉಜ್ಜಿನಿಯ ಮುಂದಿನ ವಾರ್ಡ್ ಸಭೆಗಳಲ್ಲಿ ಮೈದಾನದ ಜಾಗ, ನೆರಳು, ನೀರುಗಳ ಬೇಡಿಕೆಯನ್ನು ನಿವಾಸಿಗಳು ಬರಹದಲ್ಲೇ ಸಲ್ಲಿಸಬೇಕು.