ಹರ್ಡಲ್ ಉರುಳುತ್ತದೆಯೇ ನೋಡಿದ್ದೀರಾ?

ಓಟದಲ್ಲಿ ಕಾಲು ತಗುಲಿದರೆ ಹರ್ಡಲ್ ಮುಂದಕ್ಕೆ ಉರುಳಿಬಿಡಬೇಕು. ವಿಶ್ವ ಅಥ್ಲೆಟಿಕ್ಸ್ ನಿಯಮದ ಪ್ರಕಾರ ಮೇಲಿನ ಪಟ್ಟಿಯ ನಡುವೆ 3.6ರಿಂದ 4 ಕೆ.ಜಿ.ಯಷ್ಟು ಬಲ ಬಿದ್ದರೆ ಸಾಕು. ಉಡಿಗಾಲದಂಥ ಊರಿನ ಶಾಲೆಗೆ ವೆಲ್ಡಿಂಗ್ ಅಂಗಡಿಯವರು ಪೈಪ್ ಬೆಸೆದು ಕೊಟ್ಟರೆ ಗಟ್ಟಿಯೇನೋ ಇರುತ್ತದೆ. ಅದು ಉರುಳದಿದ್ದರೆ ಮಂಡಿ ಒಡೆದುಕೊಳ್ಳುವುದು ಮಗು.

ಚಾಮರಾಜನಗರದಲ್ಲೇ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿನ ವಿದ್ಯಾರ್ಥಿಗಳು ಕೊನೆ ವರ್ಷದ ಪ್ರಾಜೆಕ್ಟಿಗೆ ಶಾಲಾ ಹರ್ಡಲ್ಲನ್ನೇ ಏಕೆ ತೆಗೆದುಕೊಳ್ಳಬಾರದು? ಬಲ ಅಳೆಯಲು ಸ್ಪ್ರಿಂಗ್ ತಕ್ಕಡಿ ಸಾಕು. ಎತ್ತರ ಬದಲಾದಂತೆ ಪಾದದ ಮೇಲಿನ ತೂಕವನ್ನೂ ಸರಿಸಬೇಕು; ಕಷ್ಟದ ಲೆಕ್ಕ ಇರುವುದೇ ಅಲ್ಲಿ. ಆಮೇಲೆ ನೂರು ಸಲ ಬೀಳಿಸಿ, ಬೆಸುಗೆ ಬಿಡುತ್ತದೆಯೇ ನೋಡಲಿ.

ಅಂದಹಾಗೆ ಪಿ.ಟಿ. ಮೇಷ್ಟ್ರೇ, ಹರ್ಡಲ್ಲಿನ ಪಾದ ಓಡಿ ಬರುವವರ ಕಡೆಗೇ ಇರಲಿ. ತಿರುಗಿಸಿ ಇಟ್ಟರೆ ಒಳ್ಳೆಯ ಹರ್ಡಲ್ ಕೂಡ ಸುಲಭಕ್ಕೆ ಬೀಳುವುದಿಲ್ಲ.